ತೋಟದ ಕೆಲಸ ಮುಗಿಸಿ ಬಂದವರು ಮತ್ತೆ ವಾಕಿಂಗ್ ಹೋಗಬೇಕಾ?

ಮೂಡಿಗೆರೆ ಕಡೆಯ ತೋಟಗಳಲ್ಲಿ ಈ ಪ್ರಶ್ನೆ ನನ್ನ ಕಿವಿಗೆ ಆಗಾಗ ಬೀಳುತ್ತದೆ. ದಿನವಿಡೀ ಇಳಿಜಾರಲ್ಲಿ ನಿಂತು ಕಾಫಿ ಹಣ್ಣು ಕೊಯ್ದು, ಮೂಟೆ ಹೊತ್ತರೂ ಹೊಟ್ಟೆ ಕರಗಿಲ್ಲ, ಇನ್ನು ವಾಕಿಂಗ್ ಬೇರೆ ಮಾಡಬೇಕಾ ಅಂತ. ಕೊಯ್ಲಿನ ದಿನಗಳಲ್ಲಂತೂ ಬೇಡ. ದಣಿದ ಮೈಗೆ ಆಗ ಬೇಕಾಗಿರುವುದು ನಿದ್ದೆ.

ಮೊದಲು ಟೇಪು ತಗೊಳ್ಳಿ. ಪಕ್ಕೆಲುಬಿನ ಕೊನೆಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟು ಅಳೆಯಿರಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದ್ದರೆ ಇಳಿಸಬೇಕು. ಬರೀ ತಕ್ಕಡಿ ನೋಡಿ ಗಾಬರಿಯಾಗಬೇಡಿ. ಮೂಟೆ ಹೊರುವವರ ಮೈಯಲ್ಲಿ ಮಾಂಸಖಂಡದ ತೂಕವೂ ಇರುತ್ತದೆ.

ಆಮೇಲೆ ಒಂದು ವಾರ ನಿಮ್ಮ ಕೆಲಸವನ್ನು ಬರೆದಿಡಿ. ಎಷ್ಟು ಹೊತ್ತು ನಡೆದಿರಿ, ಎಷ್ಟು ಹೊತ್ತು ಒಂದೇ ಗಿಡದ ಮುಂದೆ ನಿಂತಿದ್ದಿರಿ? ಕತ್ತಿ ಹಿಡಿದು ಕಳೆ ಹೊಡೆಯುತ್ತಿದ್ದ ಕಡೆ ಈಗ ಮಷಿನ್ ಬಂದಿದೆ. ನಡೆದು ಹೋಗುತ್ತಿದ್ದ ದಾರಿಗೆ ಪಿಕಪ್ ಬರುತ್ತದೆ. ಸುಸ್ತು ಮೊದಲಿನಷ್ಟೇ ಆದರೂ ಖರ್ಚಾಗುವ ಕ್ಯಾಲೊರಿ ಕಡಿಮೆಯಾಗಿರಬಹುದು.

ಈ ಲೆಕ್ಕದಲ್ಲಿ ನಾವು ಮರೆಯುವುದು ಮಳೆಗಾಲವನ್ನು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕದಂತೆ, 65 ಕೆ.ಜಿ. ತೂಕದ ಗಂಡಸು ಮೈಮುರಿದು ದುಡಿದರೆ ದಿನಕ್ಕೆ 3470 ಕ್ಯಾಲೊರಿ ಬೇಕು. ಕೂತು ಕೆಲಸ ಮಾಡಿದರೆ 2110 ಸಾಕು. ಅರೇಬಿಕಾ ಕಾಫಿಯ ಕೊಯ್ಲು ಶುರುವಾಗಿ ರೋಬಸ್ಟಾ ಕಾಫಿಯದ್ದು ಮುಗಿಯುವವರೆಗೆ ಹೊಟ್ಟೆ ತುಂಬ ತಿನ್ನುವುದು ಸರಿಯೇ. ಆದರೆ ಜುಲೈ ಮಳೆಯಲ್ಲಿ ಕೆಲಸ ನಿಂತಾಗಲೂ ತಟ್ಟೆಯಲ್ಲಿ ಅಷ್ಟೇ ಕಡುಬು, ಅಷ್ಟೇ ಅನ್ನ ಇರುತ್ತದಲ್ವಾ? ಸೊಂಟ ಅಗಲವಾಗುವುದು ಆಗಲೇ.

ಹಾಗಂತ ಊಟ ಬಿಡಬೇಡಿ. ಹಸಿದುಕೊಂಡು ಏಣಿ ಹತ್ತಿ ಮೆಣಸು ಕೊಯ್ಯುವುದು ಅಪಾಯ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ಊಟ ಕಡಿಮೆ ಮಾಡಲೇಬಾರದು. ಟೀಯಿಂದ ಶುರು ಮಾಡಿ. ದಿನಕ್ಕೆ ಆರು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ ಅಂದರೆ 200 ಕ್ಯಾಲೊರಿಗೂ ಜಾಸ್ತಿ. 60 ಕೆ.ಜಿ. ತೂಕದವರು ಒಂದು ಗಂಟೆ ಚುರುಕಾಗಿ ನಡೆದರೆ ಖರ್ಚಾಗುವುದೂ ಹೆಚ್ಚೂಕಮ್ಮಿ ಅಷ್ಟೇ. ಚಮಚ ಅರ್ಧಕ್ಕಿಳಿಸಿ. ಅಕ್ಕಿರೊಟ್ಟಿಗೆ ಎಣ್ಣೆ ಕಡಿಮೆ ಮಾಡಿ, ಅನ್ನ ಒಂದು ಸೌಟು ಕಮ್ಮಿ ಹಾಕಿಕೊಂಡು ಹುರುಳಿ, ಅಲಸಂದೆ, ಮೊಟ್ಟೆ, ಸೊಪ್ಪು ಜಾಸ್ತಿ ತಿನ್ನಿ. ಸಂಜೆ ಕುಡಿಯುವ ಅಭ್ಯಾಸ ಇದ್ದವರು ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. 60 ಮಿ.ಲೀ. ವಿಸ್ಕಿಯಲ್ಲೇ ಸುಮಾರು 140 ಕ್ಯಾಲೊರಿ ಇರುತ್ತದೆ.

ವಾಕಿಂಗ್ ಬೇಕಾಗುವುದು ಕೆಲಸ ಇಲ್ಲದ ವಾರಗಳಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ. ತೋಟದಲ್ಲಿ ನಡೆದದ್ದೂ ಅದರಲ್ಲಿ ಸೇರುತ್ತದೆ. ಕೊಯ್ಲಿನ ದಿನಗಳಲ್ಲಿ ಸಂಜೆ ಐದು ನಿಮಿಷ ಮೈ ಸಡಿಲಿಸಿದರೆ ಸಾಕು. ಬಗ್ಗಿ ದುಡಿದ ಬೆನ್ನನ್ನು, ಕೈಯನ್ನು ಸೊಂಟಕ್ಕೆ ಕೊಟ್ಟು ನಿಧಾನ ಹಿಂದಕ್ಕೆ ಬಾಗಿಸಿ. ನೋವಾದರೆ ನಿಲ್ಲಿಸಿ.

ವಾರಕ್ಕೆ ಅರ್ಧ ಕೆ.ಜಿ. ಇಳಿದರೆ ಬೇಕಾದಷ್ಟಾಯಿತು. ಆದರೆ ಏನೂ ಮಾಡದೆ ಸುಮ್ನೆ ತೂಕ ಇಳಿಯುತ್ತಿದ್ದರೆ, ಜೊತೆಗೆ ಕೆಮ್ಮೋ ಜಾಸ್ತಿ ಬಾಯಾರಿಕೆಯೋ ಇದ್ದರೆ, ದಯವಿಟ್ಟು ಖುಷಿಪಡಬೇಡಿ. ಅದು ಕ್ಷಯವೋ ಸಕ್ಕರೆ ಕಾಯಿಲೆಯೋ ಆಗಿರಬಹುದು. ಒಂದು ದಿನದ ಕೂಲಿ ಹೋದರೂ ಪರವಾಗಿಲ್ಲ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ತೋರಿಸಿ. ಕ್ಷಯಕ್ಕೆ ಅಲ್ಲಿ ಪರೀಕ್ಷೆಯೂ ಔಷಧವೂ ಉಚಿತ.