ತಾಳಮದ್ದಳೆ ರೆಕಾರ್ಡಿಂಗಿಗೆ ಎಂಟು ಮೈಕಿನ ಇಂಟರ್‌ಫೇಸ್ ತಗೊಂಡದ್ದು: ನನ್ನ ಅನುಭವ

ಪತ್ತನಾಜೆ ಕಳೆದು ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ್ಮೇಲೆ ನಮ್ಮನೆ ಚಾವಡಿಯಲ್ಲಿ ಒಂದೆರಡಾದ್ರೂ ತಾಳಮದ್ದಳೆ ಆಗ್ತದೆ, ಅದನ್ನ ರೆಕಾರ್ಡ್ ಮಾಡೋ ಹುಚ್ಚು ನಂದು. ಮೊದಲು ಇದ್ದದ್ದು ಎರಡು ಇನ್‌ಪುಟ್‌ನ ಸಣ್ಣ ಇಂಟರ್‌ಫೇಸ್, ಅಂದ್ರೆ ಮೈಕಿನ ಧ್ವನಿಯನ್ನ ಕಂಪ್ಯೂಟರಿಗೆ ಕಳಿಸೋ ಡಬ್ಬ. ಭಾಗವತರಿಗೆ ಒಂದು ಮೈಕ್, ಉಳಿದವರಿಗೆಲ್ಲ ಸೇರಿ ಮಧ್ಯದಲ್ಲಿ ಒಂದು. ಕೇಳಿದ್ರೆ ಬರೀ ಚೆಂಡೆ, ಮದ್ದಳೆ ಎಲ್ಲಿ ಹೋಯ್ತೋ ಗೊತ್ತಿಲ್ಲ, ಪಾತ್ರಗಳ ಮಾತಾಡೋ ಅರ್ಥಧಾರಿಗಳು ಬಾವಿಯೊಳಗಿಂದ ಮಾತಾಡಿದ ಹಾಗೆ.

ಸರಿ ಅಂತ ಮುಂದಿನ ಸಲ ಸ್ನೇಹಿತನ ಹತ್ರ ಇನ್ನೊಂದು ಎರಡು ಇನ್‌ಪುಟ್‌ದು ಇಸ್ಕೊಂಡು ಬಂದೆ. ವಿಂಡೋಸಲ್ಲಿ ರೆಕಾರ್ಡಿಂಗ್ ಸಾಫ್ಟ್‌ವೇರ್ ಒಂದು ಸಲಕ್ಕೆ ಒಂದೇ ಆಸಿಯೋ ಡ್ರೈವರ್ (ಇಂಟರ್‌ಫೇಸನ್ನ ಸಾಫ್ಟ್‌ವೇರಿಗೆ ಸೇರಿಸೋ ಪ್ರೋಗ್ರಾಮ್) ಹಿಡ್ಕೊಳ್ಳೋದು, ಹಾಗಾಗಿ ಎರಡನೇದನ್ನ ಬೇರೆ ಲ್ಯಾಪ್‌ಟಾಪಿಗೆ ಹಾಕಿ ಆಮೇಲೆ ಎರಡನ್ನೂ ಜೋಡಿಸಿದೆ. ಶುರುವಲ್ಲಿ ಸರೀನೇ ಇತ್ತು. ಒಂದು ಗಂಟೆ ಕಳೆಯೋವಷ್ಟರಲ್ಲಿ ಚೆಂಡೆ ಹಿಂದೆ ಬಿತ್ತು. ಪ್ರತಿ ಇಂಟರ್‌ಫೇಸಿಗೂ ಅದರದ್ದೇ ಕ್ಲಾಕ್ ಇರ್ತದೆ, ಎರಡು ಗಡಿಯಾರ ಹೇಗೆ ಒಂದೇ ಹಾಗೆ ಓಡೋದಿಲ್ವೋ ಹಾಗೇ ಇದೂ. ಭಾಗವತರಿಗೆ ಕೇಳಿಸಿದೆ, "ಎಂತ ಮಾರಾಯ, ಚೆಂಡೆಯವನಿಗೆ ನಿದ್ರೆ ಬಂದಿತ್ತಾ?" ಅಂದ್ರು. ಪಾಪ, ಚೆಂಡೆಯವರು ಅಲ್ಲೇ ಕೂತಿದ್ರು.

ಆಮೇಲೆ ಕೂತು ಲೆಕ್ಕ ಹಾಕಿದೆ. ಎಷ್ಟು ಜನ ಅಂತ ಅಲ್ಲ, ಆಮೇಲೆ ಮಿಕ್ಸ್ ಮಾಡುವಾಗ ಯಾವ್ಯಾವ ಸ್ವರ ಬೇರೆ ಬೇರೆ ತಗ್ಗಿಸ್ಬೇಕು ಏರಿಸ್ಬೇಕು ಅಂತ. ಭಾಗವತರಿಗೆ ಒಂದು, ಮದ್ದಳೆಯ ಎಡಕ್ಕೊಂದು ಬಲಕ್ಕೊಂದು, ಚೆಂಡೆಗೆ ಒಂದು, ಅರ್ಥಧಾರಿಗಳಿಗೆ ಮೂರು. ಚಕ್ರತಾಳಕ್ಕೆ ಮೈಕೇ ಬೇಡ, ಅದು ಎಲ್ಲರ ಮೈಕಲ್ಲೂ ತಾನೇ ಬಂದು ಕೂತ್ಕೊಳ್ತದೆ. ಏಳಾಯ್ತು.

ಡಬ್ಬದ ಮೇಲಿನ ನಂಬರ್ ನೋಡಿ ನಾನು ಮೋಸ ಹೋಗೋದ್ರಲ್ಲಿದ್ದೆ. ಫೋಕಸ್‌ರೈಟ್ ಸ್ಕಾರ್ಲೆಟ್ 18ಐ8 ಮೂರನೇ ಜನರೇಶನ್ ಅಂದ್ರೆ ಹದಿನೆಂಟು ಇನ್‌ಪುಟ್, ಧಾರಾಳ ಆಯ್ತಲ್ಲ ಅಂದ್ಕೊಂಡಿದ್ದೆ. ಬಿಡಿಸಿ ನೋಡಿದ್ರೆ ಮೈಕ್ ಪ್ರೀಆಂಪ್, ಅಂದ್ರೆ ಮೈಕಿನ ಸಣ್ಣ ಸಿಗ್ನಲನ್ನ ದೊಡ್ಡದು ಮಾಡೋದು, ಇರೋದು ನಾಲ್ಕೇ, ಮತ್ತೆ ನಾಲ್ಕು ಲೈನ್ ಇನ್‌ಪುಟ್, ಎರಡು ಎಸ್‌ಪಿಡಿಐಎಫ್, ಉಳಿದ ಎಂಟು ಅಡಾಟ್. ಇವೆರಡೂ ಡಿಜಿಟಲ್ ಇನ್‌ಪುಟ್, ಅಡಾಟ್ ಅಂತೂ ಇನ್ನೊಂದು ಪ್ರೀಆಂಪ್ ಡಬ್ಬ ತಂದು ಆಪ್ಟಿಕಲ್ ಕೇಬಲಲ್ಲಿ ಸಿಕ್ಕಿಸಿದ್ರೆ ಮಾತ್ರ ಉಪಯೋಗಕ್ಕೆ ಬರೋದು. ಮೈಕನ್ನ ಲೈನ್ ಇನ್‌ಪುಟ್ಟಿಗೆ ಚುಚ್ಚಿದ್ರೆ ಪಿಸುಮಾತಿನಷ್ಟೇ ಕೇಳೋದು. ಅದೇ ಕಂಪನಿಯ 18ಐ20, ಬೆಹ್ರಿಂಗರ್ ಯುಎಂಸಿ1820, ಇವುಗಳಲ್ಲಿ ಎಂಟು ಪ್ರೀಆಂಪ್ ಉಂಟು. ನಾನು ಕೊನೆಗೆ ತಗೊಂಡದ್ದೂ ಎಂಟರದ್ದೇ ಒಂದು, ಸೆಕೆಂಡ್ ಹ್ಯಾಂಡ್.

ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಧ್ವನಿಯನ್ನ ಅಳೆಯೋದು ಅಂತ) 192 ಕಿಲೋಹರ್ಟ್ಸ್ ಅಂತೆಲ್ಲ ಬರ್ದಿರ್ತಾರೆ, ನಂಗೆ ಅದರಿಂದ ಮೂರು ಕಾಸಿನ ಉಪಯೋಗ ಇಲ್ಲ. 24 ಬಿಟ್, 48 ಕಿಲೋಹರ್ಟ್ಸಲ್ಲಿ ಎಂಟು ಟ್ರ್ಯಾಕ್ ಅಂದ್ರೇನೇ ಗಂಟೆಗೆ ನಾಲ್ಕು ಜಿಬಿ ದಾಟ್ತದೆ, ಪ್ರಸಂಗ ಮೂರು ಗಂಟೆ ಎಳೆದ್ರೆ ಲೆಕ್ಕ ಹಾಕಿ. ಲೇಟೆನ್ಸಿ, ಅಂದ್ರೆ ಹಾಡಿದ್ದು ಕಂಪ್ಯೂಟರ್ ಸುತ್ತಿ ಹೆಡ್‌ಫೋನಿಗೆ ಬರೋವಾಗ ಆಗೋ ತಡ, ಅದರ ಬಗ್ಗೆ ಜನ ಬಹಳ ತಲೆ ಕೆಡಿಸ್ಕೊಳ್ತಾರೆ, ಆದ್ರೆ ನಮ್ಮಲ್ಲಿ ಯಾರೂ ಹೆಡ್‌ಫೋನ್ ಹಾಕಿ ಹಾಡೋದಿಲ್ಲ, ಬಫರ್ (ಇದು ದೊಡ್ಡದಾದಷ್ಟೂ ತಡ ಜಾಸ್ತಿ, ಕಂಪ್ಯೂಟರಿಗೆ ಆರಾಮ) 512ಕ್ಕಿಟ್ಟು ಸುಮ್ನೆ ಬಿಡ್ತೇನೆ. ಗೇನ್, ಅಂದ್ರೆ ಮೈಕಿನ ಸಿಗ್ನಲನ್ನ ಎಷ್ಟು ಏರಿಸೋದು ಅನ್ನೋದು ಮಾತ್ರ ಜಾಗ್ರತೆ, ಸೊನ್ನೆ ಡಿಬಿ ದಾಟಿದ್ರೆ ಧ್ವನಿ ಒಡೀತದೆ. ಟೆಸ್ಟ್ ಮಾಡುವಾಗ ಚೆಂಡೆಯವರು ಮೆಲ್ಲ ಬಾರಿಸ್ತಾರೆ, ಯುದ್ಧದ ಪದ ಬಂದಾಗ ಕೈ ಬೇರೆಯೇ ಆಗ್ತದೆ, ಹಾಗಾಗಿ ಆ ಚಾನೆಲ್ಲಿಗೆ ಜೋರು ಪೆಟ್ಟೂ ಮೈನಸ್ 12 ಡಿಬಿ ದಾಟದ ಹಾಗೆ ಮೊದಲೇ ತಗ್ಗಿಸಿಡ್ತೇನೆ.

ಒಂದು ನಾನು ಯೋಚಿಸದೇ ಇದ್ದದ್ದು ಕರೆಂಟ್. ಸಣ್ಣ ಡಬ್ಬ ಲ್ಯಾಪ್‌ಟಾಪಿನ ಯುಎಸ್‌ಬಿಯಲ್ಲೇ ಓಡ್ತಿತ್ತು, ಇದಕ್ಕೆ ಗೋಡೆಯ ಪ್ಲಗ್ಗೇ ಬೇಕು, ಆಷಾಢದಲ್ಲಿ ನಮ್ಮೂರಲ್ಲಿ ಕರೆಂಟ್ ಇದ್ರೆ ಅದೇ ವಿಶೇಷ. ಮೊದಲನೇ ದಿನವೇ ಅರ್ಧಕ್ಕೆ ಹೋಯ್ತು, ಈಗ ಕಂಪ್ಯೂಟರಿನ ಹಳೇ ಯುಪಿಎಸ್ ಪಕ್ಕದಲ್ಲೇ ಇರ್ತದೆ. ಗುಡುಗು ಶುರುವಾದ್ರೆ ಗೋಡೆಯಿಂದ ಪ್ಲಗ್ ಕಿತ್ತು ಯುಪಿಎಸ್ಸಿನ ಬ್ಯಾಟರಿಯಲ್ಲೇ ಎಷ್ಟು ಹೊತ್ತು ಓಡ್ತದೋ ಅಷ್ಟೇ.

ಎಂಟನೇ ಇನ್‌ಪುಟ್ ಖಾಲಿ ಇತ್ತಲ್ಲ, ಸುಮ್ನೆ ಯಾಕೆ ಅಂತ ಜಗಲಿ ಕಡೆಗೆ ಒಂದು ಮೈಕ್ ಇಟ್ಟೆ. ಅರ್ಥಧಾರಿ ಚಟಾಕಿ ಹಾರಿಸಿದಾಗ ಅಲ್ಲಿ ಕೂತವರು ನಗೋದು, ಹೊರಗೆ ಮಳೆ ಹೊಯ್ಯೋದು, ಎಲ್ಲ ಬಂದಿದೆ. ಅಮ್ಮ ಈಗ ರೆಕಾರ್ಡಿಂಗ್ ಹಾಕಿದ್ರೆ ಅದೊಂದನ್ನ ಸ್ವಲ್ಪ ಜೋರಿಡು ಅಂತಾರೆ.