ಪುನರ್ಪುಳಿ ಸಿಪ್ಪೆಯಿಂದ ಆಂಥೋಸಯಾನಿನ್ ತೆಗೆಯುವ ಕ್ರಮ

ಮಂಗಳೂರಿನ ಕಾಲೇಜೊಂದರ ಲ್ಯಾಬಿನಲ್ಲಿ ನನ್ನ ಕೆಲಸ. ಪ್ರಾಜೆಕ್ಟ್‌ಗೆ ಬರುವ ಮಕ್ಕಳು ಕೇಳುವುದು ಒಂದೇ: "ಮೇಡಂ, ಕುದಿಸಿದರೆ ಸಾಕಲ್ವಾ?" ಸಾರಿಗಾದರೆ ಸಾಕು. ಆಂಥೋಸಯಾನಿನ್ ಬೇಕಿದ್ದರೆ ಕುದಿಸಲೇಬಾರದು. ಸಿಪ್ಪೆಯ ಕಡುಗೆಂಪು ಬಣ್ಣವೇ ಅದು, ಒಳ್ಳೆಯ ಆಂಟಿಆಕ್ಸಿಡೆಂಟ್. ಬಿಸಿ, ಬೆಳಕು, ಗಾಳಿ ಮೂರೂ ಅದಕ್ಕೆ ಆಗಿಬರುವುದಿಲ್ಲ. ಹುಳಿ ಇದ್ದರೆ ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ.

ಏಪ್ರಿಲ್-ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲೇ, ಪೂರ್ತಿ ಕಪ್ಪುಗೆಂಪಾದ ಹಣ್ಣು ಆರಿಸಿ. ಅಂಗಡಿಯ ಒಣ ಸಿಪ್ಪೆಯಾದರೆ ಸ್ವಲ್ಪ ನಾಲಗೆಗೆ ಇಟ್ಟು ನೋಡಿ. ಕೆಲವರು ಉಪ್ಪು ಹಾಕಿ ಒಣಗಿಸುತ್ತಾರೆ, ಅದು ಬೇಡ. ಬೀಜ ತೆಗೆದು, ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ, ಡ್ರೈಯರ್‌ನಲ್ಲಿ 45 ಡಿಗ್ರಿ ದಾಟದಂತೆ ಒಣಗಿಸಿ. ಅಂಗಳದ ಬಿಸಿಲು ಅಡುಗೆಯ ಸಿಪ್ಪೆಗೆ ಸರಿ, ಇದಕ್ಕಲ್ಲ. ಮಿಕ್ಸಿಯನ್ನು ನಿಲ್ಲಿಸಿ ನಿಲ್ಲಿಸಿ ತಿರುಗಿಸಿ, ಇಲ್ಲದಿದ್ದರೆ ಪುಡಿ ಬಿಸಿಯಾಗಿ ಅಂಟುತ್ತದೆ. ನಮ್ಮ ಕರಾವಳಿಯ ಗಾಳಿಗೆ ಪುಡಿ ಬೇಗ ಮೆತ್ತಗಾಗುವುದರಿಂದ ತಕ್ಷಣ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ.

10 ಗ್ರಾಂ ಪುಡಿಗೆ 150 ಮಿಲಿಲೀಟರ್ ದ್ರಾವಣ ಸಾಕು: ಅರ್ಧ ಎಥನಾಲ್, ಅರ್ಧ ನೀರು, ಅದಕ್ಕೆ ಒಂದೂವರೆ ಗ್ರಾಂ ಸಿಟ್ರಿಕ್ ಆಸಿಡ್. ಸರ್ಜಿಕಲ್ ಸ್ಪಿರಿಟ್ ಬಳಸಬೇಡಿ, ಅದರಲ್ಲಿ ವಿಷದ ಮೆಥನಾಲ್ ಇರಬಹುದು. ಹತ್ತಿರ ಬೆಂಕಿ ಇರಲೇಬಾರದು.

ಪುಡಿ, ದ್ರಾವಣ ಎರಡನ್ನೂ ಫ್ಲಾಸ್ಕಿಗೆ ಹಾಕಿ, ಅದನ್ನು ಶಬ್ದದ ಅಲೆ ಹಾಯಿಸುವ ನೀರಿನ ತೊಟ್ಟಿಯಾದ ಅಲ್ಟ್ರಾಸಾನಿಕ್ ಬಾತ್‌ನಲ್ಲಿಡಿ. ಹೊರಗಿನ ನೀರು ಫ್ಲಾಸ್ಕಿನೊಳಗಿನ ಮಟ್ಟಕ್ಕಿಂತ ಸ್ವಲ್ಪ ಮೇಲಿರಲಿ. 40 ಕಿಲೋಹರ್ಟ್ಸ್‌ನಲ್ಲಿ 20 ನಿಮಿಷ. ಶಬ್ದದ ಅಲೆಗಳಿಂದ ದ್ರಾವಣದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳು ಹುಟ್ಟಿ ಒಡೆಯುತ್ತವೆ. ಆ ಏಟಿಗೆ ಸಿಪ್ಪೆಯ ಜೀವಕೋಶ ಬಿರಿದು ಬಣ್ಣ ಹೊರಬರುತ್ತದೆ, ಒಲೆ ಹಚ್ಚುವ ಕೆಲಸವೇ ಇಲ್ಲ. ಆದರೆ ಯಂತ್ರ ಓಡುತ್ತಾ ಓಡುತ್ತಾ ನೀರನ್ನು ತಾನೇ ಬಿಸಿ ಮಾಡುತ್ತದೆ. ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಥರ್ಮಾಮೀಟರ್ ಇಟ್ಟು, 40 ಡಿಗ್ರಿ ಹತ್ತಿರ ಬಂದರೆ ಬಾತ್‌ನ ನೀರಿಗೆ ಐಸ್ ಹಾಕಿ.

ಮೊದಲು ತೆಳು ಬಟ್ಟೆಯಲ್ಲಿ, ಆಮೇಲೆ ಫಿಲ್ಟರ್ ಪೇಪರಿನಲ್ಲಿ ಸೋಸಿ. ಚರಟವನ್ನು ಹೊಸ ದ್ರಾವಣದಲ್ಲಿ ಇನ್ನೊಮ್ಮೆ ಹೀಗೇ ಮಾಡಿ, ಎರಡನ್ನೂ ಸೇರಿಸಿ.

ಈಗ ಬಿಳಿ ಟೈಲ್ ಮೇಲೆ ಒಂದು ಹನಿ ಬಿಡಿ. ಮಾಣಿಕ್ಯದಂಥ ಕೆಂಪು ಇರಬೇಕು. ಪಕ್ಕದ ಹನಿಗೆ ಚಿಟಿಕೆ ಸೋಡಾ ಪುಡಿ ಹಾಕಿ: ನೊರೆ ಬಂದು ಕೆಂಪು ನೇರಳೆಗೆ, ಆಮೇಲೆ ನೀಲಿಗೆ ತಿರುಗುತ್ತದೆ. ತಕ್ಷಣ ಲಿಂಬೆರಸ ಬಿಟ್ಟರೆ ಕೆಂಪು ವಾಪಸ್. ಮೊದಲ ಹನಿಯೇ ಕಂದು ಬಣ್ಣದಲ್ಲಿದ್ದರೆ ಬಣ್ಣ ಹಾಳಾಗಿದೆ ಅಂತ, ಮುಂದುವರಿಸಿ ಪ್ರಯೋಜನವಿಲ್ಲ. ನಿಖರ ಅಳತೆ ಬೇಕಿದ್ದರೆ ಪಿಎಚ್ (ಹುಳಿಯ ಮಟ್ಟ) 1 ಮತ್ತು 4.5ರಲ್ಲೇ ನಿಲ್ಲುವ ದ್ರಾವಣಗಳಾದ ಬಫರ್‌ಗಳಲ್ಲಿ ಬೆರೆಸಿ, ಬೆಳಕು ಎಷ್ಟು ಹೀರಿತು ಅಂತ ಅಳೆಯುವ ಸ್ಪೆಕ್ಟ್ರೋಫೋಟೋಮೀಟರಿನಲ್ಲಿ 520 ಮತ್ತು 700 ನ್ಯಾನೋಮೀಟರ್‌ಗೆ ನೋಡಿ.

ಎಥನಾಲ್ ತೆಗೆಯಲು ರೋಟರಿ ಇವಾಪೊರೇಟರ್ ಬೇಕು, ಅಂದರೆ ಒತ್ತಡ ಇಳಿಸಿ ಫ್ಲಾಸ್ಕ್ ತಿರುಗಿಸುತ್ತಾ ಆವಿ ಮಾಡುವ ಯಂತ್ರ. ಸಾಮಾನ್ಯವಾಗಿ ಎಥನಾಲ್ ಕುದಿಯುವುದು 78 ಡಿಗ್ರಿಯಲ್ಲಿ. ಒತ್ತಡವನ್ನು 175 ಮಿಲಿಬಾರ್‌ಗೆ ಇಳಿಸಿದರೆ 40 ಡಿಗ್ರಿಯಲ್ಲೇ ಹೋಗುತ್ತದೆ. ಸಿಪ್ಪೆಯಲ್ಲಿ ಸಕ್ಕರೆಯೂ ಹುಳಿಯೂ ಜಾಸ್ತಿ. ಹಾಗಾಗಿ ಕೊನೆಗೆ ಸಿಗುವುದು ಪುಡಿಯಲ್ಲ, ಅಂಟು ಪಾಕ. ಪುಡಿಯೇ ಬೇಕಾದರೆ ಮಾಲ್ಟೋಡೆಕ್ಸ್‌ಟ್ರಿನ್ (ಪಿಷ್ಟದಿಂದ ಮಾಡಿದ ಪುಡಿ) ಬೆರೆಸಿ, ಹೆಪ್ಪುಗಟ್ಟಿಸಿ ಒಣಗಿಸುವ ಫ್ರೀಜ್ ಡ್ರೈಯರ್‌ಗೆ ಕೊಡಿ. ಕಂದು ಗಾಜಿನ ಬಾಟಲಿಯಲ್ಲಿ ತುಂಬಿ ಫ್ರಿಜ್‌ನಲ್ಲಿಡಿ. ಇದು ಪರೀಕ್ಷೆಗೆ, ದಯವಿಟ್ಟು ಔಷಧಿ ಅಂತ ಯಾರಿಗೂ ಕೊಡಬೇಡಿ.

ಉಳಿದ ಚರಟ ಎಸೆಯಬೇಡಿ. ನೀರಿನಲ್ಲಿ ಕರಗದ, ಗಾರ್ಸಿನಾಲ್ ಎಂಬ ಹಳದಿ ವಸ್ತು ಇನ್ನೂ ಅದರಲ್ಲೇ ಇರುತ್ತದೆ. ಒಣಗಿಸಿ, ಈ ಸಲ ನೀರು ಬೆರೆಸದ ಎಥನಾಲ್‌ನಲ್ಲಿ ನೆನೆಸಿ.