ಅಜ್ಜನ ಜೋಡಿ ನಳಿಗೆ ತುಪಾಕಿ: ಹಳೇ ಕಳೆ ಉಳಿಸಿಕೊಂಡ ನನ್ನ ಅನುಭವ

ನಮ್ಮ ಮನೆ ತುಪಾಕಿಯ ಮರವನ್ನು ಈಗ ಬೆಳಗಿನ ಬಿಸಿಲಿಗೆ ಹಿಡಿದರೆ ಒಳಗಿಂದ ಕೆಂಪಗೆ ಹೊಳೆಯುತ್ತದೆ. ಮೇಲೆ ಪಾಲಿಶ್ ಇಲ್ಲ, ವಾರ್ನಿಶ್ ಇಲ್ಲ. ಅಗಸೆ ಎಣ್ಣೆ, ನನ್ನ ಅಂಗೈ, ಸುಮಾರು ನಾಲ್ಕು ತಿಂಗಳು, ಅಷ್ಟೇ. ಕೋಲಾರದ ಧೂಳಿನಲ್ಲಿ ಎಣ್ಣೆ ಕೆಲಸ ಆಗಲ್ಲ, ಅಂಟಂಟಾಗಿ ಹಾಳಾಗುತ್ತೆ ಅಂತ ಹಳೇ ಕೋವಿ ಇಟ್ಟುಕೊಂಡಿರುವ ನಮ್ಮ ಬಳಗದಲ್ಲಿ ಹೇಳದವರೇ ಇರಲಿಲ್ಲ. ಮೊನ್ನೆ ಅವರಲ್ಲೇ ಇಬ್ಬರು ಮನೆಗೆ ಬಂದು, ಕೈಗೆತ್ತಿಕೊಂಡು, ಹತ್ತು ನಿಮಿಷ ಕೆಳಗಿಡಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇದು ಬರ್ಮಿಂಗ್‌ಹ್ಯಾಮ್‌ನ ಜೋಡಿ ನಳಿಗೆ, ಹನ್ನೆರಡು ಬೋರ್ (ನಳಿಗೆ ಬಾಯಿಯ ಅಳತೆ), ಹೊರಗೆ ಎರಡು ಕುದುರೆ, ಅಂದರೆ ತೋಟಾ ಸಿಡಿಸೋಕೆ ಬಡಿಯುವ ಸುತ್ತಿಗೆ, ಇರುವಂಥದ್ದು. ನಳಿಗೆ ಡಮಾಸ್ಕಸ್, ಅಂದರೆ ಕಬ್ಬಿಣ, ಉಕ್ಕು ಸೇರಿಸಿ ಸುರುಳಿ ಸುತ್ತಿ ಬಡಿದದ್ದು. ಕೆಳಗೆ 'ನಾಟ್ ಫಾರ್ ಬಾಲ್', ಅಂದರೆ ಒಂಟಿ ಗುಂಡು ಹಾಕಬೇಡಿ, ಅಂತ ಮುದ್ರೆ ಇದೆ. ಆ ಮುದ್ರೆಯನ್ನು 1875ರಿಂದ 1887ರವರೆಗೆ ಮಾತ್ರ, ಚೋಕ್ ಇರುವ, ಅಂದರೆ ತುದಿ ಕಿರಿದಾದ, ನಳಿಗೆಗೆ ಹೊಡೆಯುತ್ತಿದ್ದರು. ಹಾಗಾಗಿ ವಯಸ್ಸು ಹೇಳೋಕೆ ಬೇರೆ ಕಾಗದ ಬೇಕಾಗಿಲ್ಲ. ಜಾನ್ ಟೇಲರ್ ಕಂಪನಿ ಕೆಜಿಎಫ್ ಗಣಿಗೆ ಕಾಲಿಟ್ಟಿದ್ದು 1880ರಲ್ಲಿ. ಆ ಕಾಲದ್ದೇ ಇದು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಾಗ ಊರು ಬಿಟ್ಟು ಹೊರಟ ಒಬ್ಬ ಇಂಗ್ಲಿಷ್ ಅಧಿಕಾರಿಯಿಂದ ಅಜ್ಜ ಕೊಂಡರು. ಆ ಅಧಿಕಾರಿಗೂ ಅದು ಅವರ ಅಪ್ಪನಿಂದ ಬಂದದ್ದಂತೆ. ನೂರೈವತ್ತು ರೂಪಾಯಿನೋ ನೂರಅರವತ್ತೋ ಕೊಟ್ಟೆ ಅಂತ ಅಜ್ಜ ಹೇಳುತ್ತಿದ್ದರು. ಆಗ ಒಂದು ಜೊತೆ ಎತ್ತು ಮಾರಿದ್ದು ಮಾತ್ರ ಅಜ್ಜಿಗೆ ಚೆನ್ನಾಗಿ ನೆನಪಿತ್ತು.

ಲೈಸೆನ್ಸ್ ವಿಷಯ ನಿಮಗೆಲ್ಲ ಗೊತ್ತಿರೋದೇ. ಶಸ್ತ್ರಾಸ್ತ್ರ ಕಾಯ್ದೆಗೆ 2019ರ ತಿದ್ದುಪಡಿ ಆದ ಮೇಲೆ ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿ ಮೂರರಿಂದ ಎರಡಕ್ಕೆ ಇಳಿಯಿತು. ನನ್ನ ಹತ್ತಿರ ಹೊಲಕ್ಕೆ ಹಂದಿ ಬಂದರೆ ಅಂತ ಇಟ್ಟಿರುವ ಒಂಟಿ ನಳಿಗೆ ಒಂದು, ಇದೊಂದು. ಇದರಲ್ಲಿ ನಾನು ಗುಂಡು ಹಾರಿಸಲ್ಲ. ಕಪ್ಪು ಮದ್ದಿನ ಕಾಲದ ನಳಿಗೆ, ಈಗಿನ ಹೊಗೆಯಿಲ್ಲದ ಮದ್ದಿಗೆ ತಾಳುತ್ತೆ ಅಂತ ಪರೀಕ್ಷಿಸಿ ಹೊಡೆಯುವ ನೈಟ್ರೋ ಪ್ರೂಫ್ ಮುದ್ರೆ ಇಲ್ಲ. ಈಗಿನ ತೋಟಾ ಹಾಕಿದರೆ ನಳಿಗೆ ಬಿರಿದು ಎಡಗೈ ಹೋಗಬಹುದು. ಇದು ನೋಡೋದಕ್ಕೆ, ಮುಟ್ಟೋದಕ್ಕೆ.

ಒಂದು ಚುನಾವಣೆ ಸಮಯದಲ್ಲಿ ಪೊಲೀಸ್ ಠಾಣೆಯಲ್ಲಿ ಜಮಾ ಮಾಡಿ ವಾಪಸ್ ತಂದಾಗ ಇದರ ಸ್ಥಿತಿ ನೋಡಿ ಕಣ್ಣಲ್ಲಿ ನೀರು ಬಂತು. ನಾನು ಒಣ ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದೆ. ಅದನ್ನು ತೆಗೆದು ಯಾರೋ ರೆಕ್ಸಿನ್ ಚೀಲಕ್ಕೆ ತುರುಕಿದ್ದರು. ಒಳಗೆ ತೇವ ಹಿಡಿದು ನಳಿಗೆ ಮೇಲೆ ರಾಗಿ ಕಾಳಿನಷ್ಟು ದಪ್ಪ ತುಕ್ಕು. ಮರದ ಮೇಲೆ ಬಿಳಿ ಬೂಷ್ಟು. ಅಲ್ಲಿಂದ ನನ್ನ ಕೆಲಸ ಶುರು.

ಮೊದಲ ತಪ್ಪು ನನ್ನದೇ. ಆತುರಪಟ್ಟೆ. ಫರ್ನಿಚರ್ ಪಾಲಿಶ್ ಮಾಡುವವರ ಕೈಗೆ ಮರವನ್ನಷ್ಟೇ ಬಿಚ್ಚಿ ಕೊಟ್ಟೆ. ಎರಡೂವರೆ ಸಾವಿರ ತೆಗೆದುಕೊಂಡರು. ಸೀಲರ್ ಹಚ್ಚಿ ಮೆಲಮೈನ್ ಹೊಡೆದು ತಂದುಕೊಟ್ಟರು. ಹೋಟೆಲ್ ಟೇಬಲ್ ತರಹ ಮಿರಮಿರ ಅನ್ನುತ್ತಿತ್ತು. ಹಿಡಿಕೆಯ ಚೌಕುಳಿ ಗೆರೆಗಳ ಒಳಗೆಲ್ಲ ಪಾಲಿಶ್ ತುಂಬಿಕೊಂಡಿತ್ತು. ಅಜ್ಜನ ಕೆನ್ನೆ, ಅಪ್ಪನ ಕೆನ್ನೆ ಒರಗಿ ಒರಗಿ ನುಣುಪಾಗಿದ್ದ ಜಾಗ ಯಾವುದು ಅಂತಲೇ ಗೊತ್ತಾಗದ ಹಾಗೆ ಮುಚ್ಚಿಹೋಗಿತ್ತು. ಅದನ್ನು ತೆಗೆಯೋಕೆ ಪೇಂಟ್ ರಿಮೂವರ್, ಹಲ್ಲುಜ್ಜುವ ಬ್ರಷ್, ಹನ್ನೊಂದು ದಿನ ಬೇಕಾಯಿತು. ಉಪ್ಪುಕಾಗದ ಮುಟ್ಟಲಿಲ್ಲ. ಮುಟ್ಟಿದ್ದರೆ ಮರ ತಗ್ಗಿ ಲೋಹದ ಅಂಚು ಮೇಲೆದ್ದು ನಿಲ್ಲುತ್ತಿತ್ತು. ಹಾಗೆ ಹಾಳಾದ ಕೋವಿಗಳನ್ನು ನೀವೂ ನೋಡಿರ್ತೀರಿ.

ಮರದ ತಲೆ ಭಾಗ, ಅಂದರೆ ಕಬ್ಬಿಣಕ್ಕೆ ಸೇರುವ ಜಾಗ, ಕಪ್ಪಗೆ ಮೆತ್ತಗಾಗಿತ್ತು. ಎಪ್ಪತ್ತು ವರ್ಷ ನಳಿಗೆ ಮೇಲೆ ಮಾಡಿ ಗೋಡೆಗೆ ಒರಗಿಸಿಟ್ಟಿದ್ದರ ಫಲ ಅದು. ಹಾಕಿದ ಎಣ್ಣೆಯೆಲ್ಲ ಇಳಿದು ಮರ ಕುಡಿದಿತ್ತು. ನಿಮ್ಮ ಮನೆಯಲ್ಲೂ ಹಾಗೇ ನಿಲ್ಲಿಸಿದ್ದರೆ ಇವತ್ತೇ ತಿರುಗಿಸಿ, ನಳಿಗೆ ಬಾಯಿ ಕೆಳಗೆ ಬರಲಿ. ಎಣ್ಣೆ ಹೀರಿಸೋಕೆ ಸೀಮೆಸುಣ್ಣದ ಪುಡಿ ಹಾಕಿ ಅಂತ ಎಲ್ಲ ಹೇಳ್ತಾರೆ. ನನಗೆ ಅದು ಅಷ್ಟು ಹಿಡಿಸಲಿಲ್ಲ. ಹೆಂಡತಿ ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿಯನ್ನು ಅಸಿಟೋನ್‌ನಲ್ಲಿ ಕಲಸಿ ದಪ್ಪಗೆ ಮೆತ್ತಿ, ಮೇಲೆ ಬಿಸಿಲಿಗಿಟ್ಟೆ. ಒಣಗಿದಾಗ ಹಳದಿ ಮಣ್ಣು ಕಾಫಿಪುಡಿ ಬಣ್ಣಕ್ಕೆ ತಿರುಗಿತ್ತು. ಉದುರಿಸಿ ಮತ್ತೆ ಮೆತ್ತಿದೆ. ಒಂಬತ್ತು ಸಲ. ಒಂಬತ್ತನೇ ಸಲ ಮಣ್ಣು ಹೆಚ್ಚುಕಮ್ಮಿ ಹಳದಿಯಾಗೇ ಉಳಿಯಿತು. ಖರ್ಚು ನಾನೂರು ರೂಪಾಯಿ ಇರಬಹುದು. ಬಯಲಲ್ಲೇ ಮಾಡಿ, ಅಸಿಟೋನ್ ವಾಸನೆ ತಲೆ ತಿರುಗಿಸುತ್ತೆ, ಬೆಂಕಿಯಂತೂ ಹತ್ತಿರ ಸುಳಿಯಬಾರದು.

ತಗ್ಗುಗಳಿಗೆ ಒದ್ದೆ ಬಟ್ಟೆ, ಮೇಲೆ ಇಸ್ತ್ರಿಪೆಟ್ಟಿಗೆ ತುದಿ. ಹಬೆಗೆ ಮರ ಉಬ್ಬಿ ತಗ್ಗು ತುಂಬಿಕೊಳ್ಳುತ್ತೆ. ಆದರೆ ಒಂದು ತಗ್ಗನ್ನು ಮಾತ್ರ ಬೇಕಂತಲೇ ಬಿಟ್ಟೆ. ಬೇತಮಂಗಲ ಕೆರೆ ದಾರಿಯಲ್ಲಿ ಗಾಡಿ ಮಗುಚಿದಾಗ ಗಾಲಿ ಪಟ್ಟಿ ತಗುಲಿ ಆದದ್ದು ಅದು. ಅಪ್ಪ ಹತ್ತಾರು ಸಲ ಬೆರಳಿಟ್ಟು ತೋರಿಸಿ ಹೇಳಿದ ಕಥೆ. ಹಾಗೇ ಹಿಡಿಕೆಯ ಕತ್ತಿನಲ್ಲಿ ಬಿರುಕಿಗೆ ಊರಿನ ಆಚಾರಿ ಹೊಡೆದ ಹಿತ್ತಾಳೆ ತಗಡು, ಏಳು ಮೊಳೆ. ಅದನ್ನು ಕಿತ್ತು ಬೇರೆ ಅಕ್ರೋಟ್ ಮರ ಕೂರಿಸಿ ಅಂತ ಸಲಹೆ ಬಂತು. ಬೆಂಗಳೂರಿಂದ ಸಾವಿರದ ಎಂಟುನೂರು ಕೊಟ್ಟು ಮರದ ತುಂಡೂ ತಂದೆ. ಆಮೇಲೆ ತಗಡಿನ ಅಂಚು ನೋಡಿದೆ. ಸುತ್ತಿಗೆ ಏಟು ಒಂದೊಂದೂ ಸಾಲಾಗಿ ಬಿದ್ದಿದೆ, ಅಂಚನ್ನು ಅರದಿಂದ ನುಣುಪು ಮಾಡಿ ಅಂಗೈಗೆ ಚುಚ್ಚದ ಹಾಗೆ ಒಳಗೆ ಮಡಚಿದ್ದಾರೆ. ಗುದ್ದಲಿ, ನೇಗಿಲ ಕುಳ ಮಾಡುವ ಕೈ ಅದು. ಅಷ್ಟು ನಾಜೂಕಾಗಿ ಮಾಡಿದ್ದನ್ನು ಕೀಳೋಕೆ ನನ್ನ ಕೈ ಏಳಲಿಲ್ಲ. ಅಕ್ರೋಟ್ ತುಂಡು ಈಗಲೂ ಅಟ್ಟದ ಮೇಲಿದೆ.

ಇನ್ನು ಅಗಸೆ ಎಣ್ಣೆ. ಮೊದಲ ಸಲ ಆಷಾಢದಲ್ಲಿ ಶುರು ಮಾಡಿದೆ. ದೊಡ್ಡ ತಪ್ಪು. ಗಾಳಿ, ಧೂಳು, ಮೋಡ. ಮೇಲಾಗಿ ದಪ್ಪಗೆ ಹಚ್ಚಿದೆ. ಮೂರು ವಾರ ಆದರೂ ಬೆರಳಿಟ್ಟರೆ ಗುರುತು ಬೀಳುತ್ತಿತ್ತು. ಟರ್ಪೆಂಟೈನ್‌ನಲ್ಲಿ ಎಲ್ಲ ತೊಳೆದುಹಾಕಿದೆ. "ನಾವು ಹೇಳಲಿಲ್ವಾ" ಅಂತ ಎಲ್ಲರೂ ಹೇಳಿದ್ದು ಆಗಲೇ.

ಆ ಬಿಡುವಿನಲ್ಲಿ ಸುಮ್ನೆ ಕೂರಲಿಲ್ಲ. ಮರದ ಹಲಗೆ ಚೂರುಗಳ ಮೇಲೆ ನಮ್ಮ ಕಡೆ ಸಿಗುವ ಎಣ್ಣೆಗಳನ್ನೆಲ್ಲ ಹಚ್ಚಿ ನೋಡಿದೆ. ಹೊಂಗೆ ಎಣ್ಣೆ ಒಣಗುವುದೇ ಇಲ್ಲ, ವಾಸನೆ ಬೇರೆ. ಹರಳೆಣ್ಣೆಯೂ ಅಷ್ಟೇ. ಕೊಬ್ಬರಿ ಎಣ್ಣೆಯ ಮಾತೇ ಬೇಡ. ಕುದುರೆಯನ್ನು ಆಡಿಸುವ ಒಳಗಿನ ಯಂತ್ರ, ಅಂದರೆ ಲಾಕ್, ಬಿಚ್ಚಿಸಲು ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರ ಹೋದಾಗ, ಅಪ್ಪ ವರ್ಷಗಟ್ಟಲೆ ಹಾಕಿದ್ದ ಕೊಬ್ಬರಿ ಎಣ್ಣೆ ಹಲಸಿನ ಮೇಣದ ತರಹ ಗಟ್ಟಿಯಾಗಿ ಕೂತಿತ್ತು. ಅದಕ್ಕೇ ಮೂರೂವರೆ ಸಾವಿರ ಆಯಿತು. ಆಶ್ಚರ್ಯ ಆಗಿದ್ದು ಹುಚ್ಚೆಳ್ಳೆಣ್ಣೆ. ರಾಗಿ ಹೊಲದ ಅಕ್ಕಡಿ ಸಾಲಲ್ಲಿ ಬೆಳೆಯುವ ಅದೇ ಹುಚ್ಚೆಳ್ಳು. ಹತ್ತು ಹನ್ನೆರಡು ದಿನದಲ್ಲಿ ಒಣಗಿ ಪೊರೆ ಕಟ್ಟಿತು. ಅಗಸೆಯಷ್ಟು ಗಟ್ಟಿ ಅಲ್ಲ, ಆದರೆ ಬಣ್ಣ ಚೆನ್ನ. ಗುದ್ದಲಿ ಕಾವಿಗೆ ಈಗ ಅದನ್ನೇ ಹಚ್ಚುತ್ತೇನೆ.

ಕೆಂಪು ಬಣ್ಣಕ್ಕೆ ಹಳೇ ಇಂಗ್ಲಿಷ್ ಕೆಲಸಗಾರರು ಆಲ್ಕನೆಟ್ ಅನ್ನುವ ಬೇರನ್ನು ಎಣ್ಣೆಯಲ್ಲಿ ನೆನೆಸುತ್ತಿದ್ದರು. ನಮ್ಮಲ್ಲಿ ಅದರ ಬಳಗದ್ದೇ ರತನ್‌ಜೋತ್. ಕಾಶ್ಮೀರದ ಮಾಂಸದಡುಗೆ ರೋಗನ್ ಜೋಶ್‌ಗೆ ಬಣ್ಣ ಬರಲಿ ಅಂತ ಇದನ್ನೂ ಹಾಕುತ್ತಾರೆ. ಕೋಲಾರದ ಗ್ರಂಥಿಗೆ ಅಂಗಡಿಯಲ್ಲಿ ನೂರು ಗ್ರಾಂಗೆ ಅರವತ್ತೋ ಎಪ್ಪತ್ತೋ ಕೊಟ್ಟೆ. ನೀರಿಗೆ ಹಾಕಿದರೆ ಬಣ್ಣ ಬಿಡಲ್ಲ, ಎಣ್ಣೆಗೆ ಹಾಕಿದರೆ ಒಂದೇ ದಿನದಲ್ಲಿ ರಕ್ತದ ಹಾಗೆ ಬಿಡುತ್ತೆ. ಗಾಜಿನ ಬಾಟಲಿಯಲ್ಲಿ ತುಂಬಿ ತಾರಸಿ ಮೇಲೆ ಮೂರು ವಾರ ಬಿಟ್ಟೆ. ಎಷ್ಟು ಎಣ್ಣೆಗೆ ಎಷ್ಟು ಬೇರು, ಮತ್ತೆ ನಾನು ಸೇರಿಸಿದ ಇನ್ನೊಂದು ಸಾಮಾನು, ಇವೆರಡನ್ನು ಮಾತ್ರ ಇಲ್ಲಿ ಬರೆಯಲ್ಲ. ಎರಡು ವರ್ಷ ಕೈ ಸುಟ್ಟುಕೊಂಡು ಕಂಡುಕೊಂಡದ್ದು, ನನ್ನ ಹತ್ತಿರವೇ ಇರಲಿ.

ಎರಡನೇ ಸಲ ಶಿವರಾತ್ರಿ ಆದ ಮೇಲೆ ಹಿಡಿದೆ. ಚಳಿ ಬಿಟ್ಟು ಬಿಸಿಲು ಏರುವ ಹೊತ್ತು. ಬೆರಳ ತುದಿಗೆ ಒಂದೇ ಹನಿ. ಅದನ್ನು ಅಂಗೈಯಲ್ಲಿ ತಿಕ್ಕಿ, ಅಂಗೈ ಬಿಸಿಯಾಗುವವರೆಗೆ ಮರಕ್ಕೆ ಉಜ್ಜಬೇಕು. ಮರ ಒದ್ದೆಯಾದ ಹಾಗೆ ಕಾಣಬಾರದು. ಕಂಡರೆ ಜಾಸ್ತಿ ಆಯಿತು ಅಂತ ಅರ್ಥ, ಒರೆಸಿ. ಎರಡು ದಿನ ಬಿಟ್ಟು ಮತ್ತೆ ಒಂದು ಹನಿ. ಹೊರಗೆ ಇಡದೆ, ರೇಷ್ಮೆ ಹುಳು ಮನೆಯ ಹಳೇ ಸೊಳ್ಳೆಪರದೆಯಲ್ಲಿ ನೇತುಹಾಕಿದೆ. ಗಾಳಿ ಬರುತ್ತೆ, ಧೂಳು ಬರಲ್ಲ. ಧೂಳಿನ ಪ್ರಶ್ನೆಗೆ ಉತ್ತರ ಇಷ್ಟೇ ಇತ್ತು! ಮೇ ಕೊನೆಗೆ ಮೂವತ್ತೈದು ನಲವತ್ತು ಸಲ ಆಗಿರಬಹುದು. ಇಪ್ಪತ್ತನೇ ಸಲದವರೆಗೆ ಏನೂ ಕಾಣಲ್ಲ, ಬೇಜಾರಾಗುತ್ತೆ. ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಮರದ ಒಳಗಿನ ಗೆರೆಗಳು ನೀರಿನಡಿ ಕಂಡ ಹಾಗೆ ಕಾಣುತ್ತವೆ. ಕೆನ್ನೆಯ ಜಾಗ ಉಳಿದ ಕಡೆಗಿಂತ ಒಂದು ಛಾಯೆ ಕಪ್ಪಾಗಿ ವಾಪಸ್ ಬಂತು.

ಒಂದು ಎಚ್ಚರಿಕೆ, ಇದನ್ನು ಯಾರೂ ಹೇಳಲ್ಲ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅದು ಒಣಗುವಾಗ ತಾನೇ ಬಿಸಿಯಾಗುತ್ತೆ. ನಾನು ಹಳೇ ಬನಿಯನ್ ತುಂಡುಗಳನ್ನು ಗೋಣಿಚೀಲದ ಪಕ್ಕ ಗುಡ್ಡೆ ಹಾಕಿದ್ದೆ. ಸಂಜೆ ಹೋದಾಗ ಹೊಗೆ ಬರ್ತಾ ಇತ್ತು. ಇನ್ನು ಒಂದು ಗಂಟೆ ತಡವಾಗಿದ್ದರೆ ಹುಳು ಮನೆ ಉಳಿಯುತ್ತಿರಲಿಲ್ಲ. ಈಗ ನೀರಿನ ಬಕೆಟ್‌ಗೆ ಹಾಕುತ್ತೇನೆ, ಇಲ್ಲ ಒಂದೊಂದೇ ಬಿಡಿಸಿ ತಂತಿ ಮೇಲೆ ಒಣಗಿಸುತ್ತೇನೆ.

ನಳಿಗೆ ವಿಷಯ. ನಾಲ್ಕೂವರೆ ಸಾವಿರಕ್ಕೆ ಬಿಸಿ ಕ್ಷಾರದ ದ್ರಾವಣದಲ್ಲಿ ಅದ್ದಿ ಕರ್ರಗೆ ಮಾಡಿಕೊಡ್ತೀವಿ ಅಂತ ಒಬ್ಬರು ಹೇಳಿದರು. ಜೋಡಿ ನಳಿಗೆ ಇರುವವರು ಇದಕ್ಕೆ ಒಪ್ಪಲೇಬೇಡಿ. ನಡುವಿನ ಪಟ್ಟಿ ಮೆದು ಬೆಸುಗೆಯಲ್ಲಿ ನಿಂತಿರುತ್ತೆ, ಆ ಕ್ಷಾರ ಬೆಸುಗೆಯನ್ನೇ ತಿಂದುಹಾಕುತ್ತೆ. ನಾನು ಮಾಡಿದ್ದು ಎಣ್ಣೆ ಹಚ್ಚಿ ಎರಡು ದಿನ ಬಿಟ್ಟು, ಹಳೇ ಕಾಲಾಣೆ ಬಿಲ್ಲೆಯ ಅಂಚಿನಿಂದ ತುಕ್ಕಿನ ಕಾಳುಗಳನ್ನು ಎಬ್ಬಿಸಿದ್ದು. ಕಂಚಿನ ನಾಣ್ಯ ಉಕ್ಕಿಗಿಂತ ಮೆದು, ಗೀರು ಬೀಳಲ್ಲ. ಒಂದು ನಳಿಗೆಗೆ ಆರು ಸಂಜೆ. ಕೊನೆಗೆ ನಾಲ್ಕು ಸೊನ್ನೆ (0000) ಅನ್ನುವ ಅತಿ ನಯವಾದ ಉಕ್ಕಿನ ಉಣ್ಣೆಯಿಂದ ಹಗುರವಾಗಿ ಉಜ್ಜಿದೆ. ತುಕ್ಕಿನ ಅಡಿಯಿಂದ ಡಮಾಸ್ಕಸ್ ಸುರುಳಿಗಳು ಬೆರಳಚ್ಚಿನ ಹಾಗೆ ಒಂದೊಂದೇ ಎದ್ದುಬಂದವು. ಕಬ್ಬಿಣ, ಉಕ್ಕು ಎರಡನ್ನೂ ಹೆಣೆದು ತಿರುಚಿ ಬಡಿದ ಸುರುಳಿ. ಈಗ ಅದನ್ನು ಹೊಸದಾಗಿ ಯಾರು ಮಾಡ್ತಾರೆ ಹೇಳಿ?

ಸ್ಕ್ರೂ, ಟ್ರಿಗರ್ ಗಾರ್ಡ್ ಇವನ್ನು ನೀರಲ್ಲಿ ಕುದಿಸಿದೆ. ಕೆಂಪು ತುಕ್ಕು ಕುದ್ದರೆ ಕಪ್ಪಾಗಿ ಗಟ್ಟಿಯಾಗುತ್ತೆ, ಗೊತ್ತಲ್ವಾ. ಮೊದಲ ಸಲ ಬೋರ್‌ವೆಲ್ ನೀರು. ನಮ್ಮದು ಸಾವಿರದ ಮುನ್ನೂರು ಅಡಿ. ಸ್ಕ್ರೂ ಮೇಲೆಲ್ಲ ಬಿಳಿ ಸುಣ್ಣ ಕಟ್ಟಿತು. ಬ್ಯಾಟರಿ ನೀರು (ಆಸಿಡ್ ಅಲ್ಲ, ಡಿಸ್ಟಿಲ್ಡ್ ವಾಟರ್) ತಂದು ಮಾಡಿದ ಮೇಲೆ ಇದ್ದಿಲ ಬಣ್ಣ ಬಂತು. ಮಳೆ ನೀರಲ್ಲೂ ಮಾಡಿದೆ, ವ್ಯತ್ಯಾಸ ಕಾಣಲಿಲ್ಲ.

ಕಳೆದುಕೊಂಡದ್ದೂ ಇದೆ. ಅಜ್ಜನ ಹಿತ್ತಾಳೆ ಮದ್ದಿನ ಡಬ್ಬಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿಬಿಟ್ಟೆ. ದೇವರ ಮನೆ ಚೊಂಬಿನ ಹಾಗಾಯಿತು. ನೂರು ವರ್ಷದ ಕಂದು ಬಣ್ಣ ಐದು ನಿಮಿಷದಲ್ಲಿ ಹೋಯಿತು. ನಾಲ್ಕು ವರ್ಷ ಆಯಿತು, ಇನ್ನೂ ಅರ್ಧ ಕೂಡ ಬಂದಿಲ್ಲ.

ನಮ್ಮ ಕಡೆ ಹಳೇ ಕೋವಿ ಅಂದರೆ ಬೂದಿಕೋಟೆ ಹೆಸರು ಬಂದೇ ಬರುತ್ತೆ, ಹೈದರಾಲಿ ಹುಟ್ಟಿದ ಊರಲ್ವಾ. ಟಿಪ್ಪು ಕಾಲದ್ದು ಅಂತ ಒಬ್ಬರು ತೋರಿಸಿದ ಕೋವಿಯಲ್ಲಿ ಕೇಪು, ಅಂದರೆ ಕುದುರೆಯ ಏಟಿಗೆ ಸಿಡಿಯುವ ಪುಟ್ಟ ಟೋಪಿ, ಕೂರಿಸುವ ಮೊಲೆ ಇತ್ತು. ಟಿಪ್ಪು ತೀರಿಕೊಂಡದ್ದು 1799ರಲ್ಲಿ. ಕೇಪು ಬಂದದ್ದು ಆಮೇಲೆ. ಟಿಪ್ಪುವಿನ ಕೋವಿಗಳು ಚಕಮಕಿ ಕಲ್ಲಿನವು, ಮೈಮೇಲೆ ಹುಲಿಪಟ್ಟೆ ಇರುತ್ತಿತ್ತು. ಆದರೂ ಆ ಕೇಪಿನ ಕೋವಿಯ ಹಿಡಿಕೆ ಸವೆದಿದ್ದ ಚೆಂದ ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಪಾಲಿಶ್ ಮಾಡಿಸಬೇಡಿ ಅಂತ ಅವರ ಕೈ ಹಿಡಿದು ಕೇಳಿಕೊಂಡು ಬಂದೆ.

ಒಟ್ಟು ಖರ್ಚು ಹದಿಮೂರು ಹದಿನಾಲ್ಕು ಸಾವಿರ. ಅದರಲ್ಲಿ ಅರ್ಧ ತಪ್ಪುಗಳಿಗೇ ಹೋಯಿತು. ಲೈಸೆನ್ಸ್ ಇರುವ ಒಬ್ಬರು ನಲವತ್ತು ಸಾವಿರಕ್ಕೆ ಕೇಳಿದರು. ಕೊಡಲಿಲ್ಲ. ಈಗ ಬುಡದ ಕೊಂಬಿನ ತಟ್ಟೆಯಲ್ಲಿ ಒಂದು ಮೂಲೆ ಮುರಿದಿದೆ. ಎಮ್ಮೆ ಕೊಂಬಿನ ಹಳೇ ಬಾಚಣಿಗೆಯಿಂದ ಚೂರು ಕತ್ತರಿಸಿ, ಅಂಟು ಹಾಕಿ, ಸೈಕಲ್ ಟ್ಯೂಬ್ ಸುತ್ತಿ ಬಿಗಿದಿಟ್ಟಿದ್ದೇನೆ. ಭಾನುವಾರ ಬಿಚ್ಚಬೇಕು.